ಯಾವ ನೆಲಕ್ಕೆ ಯಾವ ಕೆಲಸ?

ಮೈಸೂರಿನಿಂದ ದಕ್ಷಿಣಕ್ಕೆ ಹೊರಟು ಕಡಕೊಳವನ್ನು ದಾಟಿ ನಂಜನಗೂಡನ್ನು ಸಮೀಪಿಸುವ ಪ್ರಯಾಣಿಕನಿಗೆ ಮೊದಲು ಎದುರಾಗುವುದು ಕಾರ್ಖಾನೆಗಳ ಸಾಲು. ಅನಂತರ ಕಪಿಲೆಯ ಸೇತುವೆ. ಅದರಾಚೆಗೆ ಶ್ರೀಕಂಠೇಶ್ವರನ ಗೋಪುರ. ಪಟ್ಟಣವನ್ನು ಬಿಟ್ಟು ಹಳ್ಳಿಗಳ ಕಡೆಗೆ ತಿರುಗಿದರೆ ಕಾಲುವೆಯ ಬಳಿ ಬತ್ತದ ಗದ್ದೆ, ಅದರ ಮಗ್ಗುಲಲ್ಲಿ ಬಾಳೆ, ತುಸು ಎತ್ತರದಲ್ಲಿ ಹಿಪ್ಪುನೇರಳೆ, ಇನ್ನೂ ಮೇಲೇರಿದರೆ ರಾಗಿ ಮತ್ತು ಹುರುಳಿಯನ್ನು ಬೆಳೆಯುವ ಕೆಂಪು ಹೊಲ. ತಾಲ್ಲೂಕಿನ ಒಂದು ಅಂಚಿನಲ್ಲಿ ಹೆಡಿಯಾಲದ ಸುತ್ತ ಬಂಡೀಪುರದ ಹುಲಿಗಾಡು. ಪೂರ್ವಕ್ಕೆ ಹೋದರೆ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ. ಕಾಡು, ಹೊಲ, ಗದ್ದೆ, ತೋಟ, ಹೊಳೆ, ಕಾರ್ಖಾನೆ, ಹೆದ್ದಾರಿ ಇವೆಲ್ಲವೂ ಅರ್ಧ ದಿನದ ಪ್ರಯಾಣದೊಳಗೆ ಕಣ್ಣಿಗೆ ಬೀಳುವ ಇಂತಹ ಸೀಮೆಗಳು ನಾಡಿನಲ್ಲಿ ಹೆಚ್ಚಿಲ್ಲ.

ಈ ಸೀಮೆಯೊಳಗಣ ಒಂದು ಊರು ದೇವನೂರು. ಸಾಹಿತ್ಯಾಭಿಮಾನಿಗಳಿಗೆ ಈ ಹೆಸರು ಹೊಸದಲ್ಲ. ‘ಕುಸುಮಬಾಲೆ’ಯ ಕರ್ತೃ, 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ದೇವನೂರ ಮಹಾದೇವರ ಹುಟ್ಟೂರು ಇದೇ. ಆದರೆ ಇಲ್ಲಿ ಪ್ರಸ್ತಾಪಿಸಬೇಕಾದ ವಿಷಯವು ಸಾಹಿತ್ಯವಲ್ಲ, ನೆಲ. ದೇವನೂರಿನ ಆಸುಪಾಸಿನ ಯಾವ ಹಳ್ಳಿಯ ಹೊರವಲಯದಲ್ಲಿ ನಿಂತರೂ ಒಂದು ಪ್ರಶ್ನೆ ಏಳುತ್ತದೆ. ಈ ಒಂದು ಎಕರೆ ನೆಲ ಯಾವುದಕ್ಕೆ ಸಲ್ಲಬೇಕು? ಅನ್ನಕ್ಕೋ, ಮನೆಯ ನಿವೇಶನಕ್ಕೋ, ಕಾರ್ಖಾನೆಗೋ, ಹಸುವಿನ ಮೇವಿಗೋ, ಆನೆಯ ದಾರಿಗೋ, ಇಲ್ಲವೆ ವಾಯುಮಂಡಲದ ಇಂಗಾಲವನ್ನು ಹೀರಿಕೊಳ್ಳುವ ಮರಗಳಿಗೋ? ಎಲ್ಲರೂ ಕೈಚಾಚಿ ಕೇಳುತ್ತಿರುವುದು ಅದೇ ಒಂದು ಎಕರೆಯನ್ನು. ನೆಲವಾದರೋ ಕೇಳುವವರ ಸಂಖ್ಯೆಗೆ ತಕ್ಕಂತೆ ಬೆಳೆಯುವ ವಸ್ತುವಲ್ಲ.

ತಲೆಗೆ ಹತ್ತು ಗುಂಟೆ

ಭಾರತದ ಒಟ್ಟು ವಿಸ್ತೀರ್ಣ ಸುಮಾರು 32 ಕೋಟಿ 87 ಲಕ್ಷ ಹೆಕ್ಟೇರು. ಇದರಲ್ಲಿ ವರ್ಷವರ್ಷವೂ ಬಿತ್ತನೆಯಾಗುವ ಭೂಮಿ ಸುಮಾರು 14 ಕೋಟಿ ಹೆಕ್ಟೇರು. ಜನಸಂಖ್ಯೆ 140 ಕೋಟಿಯನ್ನು ದಾಟಿದೆ. ಹಂಚಿ ನೋಡಿದರೆ ತಲೆಗೆ ಬರುವುದು ಒಂದು ಹೆಕ್ಟೇರಿನ ಹತ್ತನೆಯ ಒಂದು ಪಾಲು. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ. ಮೈಸೂರಿನ ಬಡಾವಣೆಯಲ್ಲಿ ಮಹಡಿಯ ಮೇಲೆ ವಾಸಿಸುವ ಸಂಸಾರವೂ, ಅದರಲ್ಲಿ ಪ್ರತಿಯೊಬ್ಬರೂ, ಅನ್ನ, ಬೇಳೆ, ಎಣ್ಣೆ, ಸಕ್ಕರೆ, ಹತ್ತಿಯ ಬಟ್ಟೆ ಇವೆಲ್ಲವನ್ನೂ ಇಂತಹ ಹತ್ತು ಗುಂಟೆಯಿಂದಲೇ ಪಡೆಯಬೇಕಾಗಿದೆ. ಕಣ್ಣಿಗೆ ಕಾಣದಿದ್ದರೂ ಪಟ್ಟಣವಾಸಿಗೂ ಒಂದು ಹೊಲವುಂಟು. ಅದನ್ನು ಉಳುವವನು ಬೇರೊಬ್ಬನು, ಅಷ್ಟೆ.

ಆ ಹತ್ತು ಗುಂಟೆಯೂ ಆರೋಗ್ಯವಾಗಿಲ್ಲ. ಉಪಗ್ರಹಗಳ ಚಿತ್ರಗಳಿಂದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಿದ್ಧಪಡಿಸಿದ ಭೂಪಟದಂತೆ, 2018–19ರಲ್ಲಿ ದೇಶದ ಸುಮಾರು 9 ಕೋಟಿ 78 ಲಕ್ಷ ಹೆಕ್ಟೇರು ನೆಲ ಸವಕಳಿಯಿಂದಲೋ, ಚೌಳಿನಿಂದಲೋ, ಹಸಿರು ನಾಶವಾದುದರಿಂದಲೋ ಸಾರಗುಂದಿತ್ತು. ಇದು ದೇಶದ ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ ಶೇಕಡಾ 30. ಹಿಂದಿನ ಭೂಪಟದಂತೆ ಕರ್ನಾಟಕದಲ್ಲಿ ಈ ಪಾಲು ಮೂರನೆಯ ಒಂದು ಭಾಗಕ್ಕೂ ಮೀರಿತ್ತು. ಕೆಟ್ಟ ನೆಲದಲ್ಲಿ 2 ಕೋಟಿ 60 ಲಕ್ಷ ಹೆಕ್ಟೇರನ್ನು 2030ರೊಳಗೆ ಸರಿಪಡಿಸುವುದಾಗಿ ಭಾರತವು 2019ರಲ್ಲಿ ಲೋಕದ ಮುಂದೆ ಮಾತು ಕೊಟ್ಟಿದೆ.

ಹವಾಮಾನಕ್ಕೂ ನೆಲಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಹವಾಮಾನವನ್ನು ಕುರಿತ ಅಂತರ ಸರ್ಕಾರ ಮಂಡಲಿಯು 2019ರಲ್ಲಿ ಹೊರಡಿಸಿದ ವರದಿಯು ಇದಕ್ಕೆ ಉತ್ತರ ಕೊಡುತ್ತದೆ. ಮಾನವನ ಚಟುವಟಿಕೆಯಿಂದ ವಾಯುಮಂಡಲವನ್ನು ಸೇರುವ, ಭೂಮಿಯನ್ನು ಬಿಸಿಮಾಡುವ ಅನಿಲಗಳಲ್ಲಿ ಸುಮಾರು ಶೇಕಡಾ 23 ಭಾಗ ವ್ಯವಸಾಯ, ಕಾಡು ಮತ್ತು ನೆಲದ ಇತರ ಬಳಕೆಗಳಿಂದ ಬರುತ್ತದೆ. ಕಾಡನ್ನು ಕಡಿದರೆ ಮರದಲ್ಲಿದ್ದ ಇಂಗಾಲ ಗಾಳಿಗೆ ಹೋಗುತ್ತದೆ. ಸದಾ ನೀರು ನಿಂತ ಗದ್ದೆಯ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ. ಗೊಬ್ಬರ ಕಾಣದ ಹೊಲದ ಮಣ್ಣು ತನ್ನೊಳಗಣ ಜೀವಾಂಶವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ, ಚೆನ್ನಾಗಿ ಪಾಲಿಸಿದ ನೆಲವು ಇಂಗಾಲವನ್ನು ಮತ್ತೆ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ನೆಲವು ರೋಗಕ್ಕೆ ಕಾರಣವೂ ಹೌದು, ಔಷಧಿಯೂ ಹೌದು.

ಹಳೆಯ ನಕ್ಷೆಯ ಬುದ್ಧಿ

ನೆಲದ ಬಳಕೆಗೆ ಯೋಜನೆ ಬೇಕೆಂಬುದು ಹೊಸ ಮಾತೆಂದು ಅನೇಕರು ಭಾವಿಸುತ್ತಾರೆ. ಆದರೆ ಹಳೆಯ ಮೈಸೂರಿನ ಯಾವುದಾದರೊಂದು ಹಳ್ಳಿಯ ನಕ್ಷೆಯನ್ನು ಹಾಸಿ ನೋಡಿದರೆ ಸಾಕು, ಅದು ಎಷ್ಟು ಹಳೆಯ ವಿದ್ಯೆಯೆಂಬುದು ತಿಳಿಯುತ್ತದೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯದ ಸರ್ವೆ ಆರಂಭವಾಯಿತು. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಿತ್ತು. ಮಣ್ಣಿನ ಆಳವನ್ನೂ ಬಣ್ಣವನ್ನೂ ದೋಷಗಳನ್ನೂ ನೋಡಿ ಹದಿನಾರಾಣೆಯಿಂದ ಕೆಳಕ್ಕೆ ಆಣೆಯ ಲೆಕ್ಕದಲ್ಲಿ ಅದಕ್ಕೆ ದರ್ಜೆ ಕಟ್ಟಲಾಯಿತು. ಮಳೆಯನ್ನೇ ನಂಬಿದ್ದು ಖುಷ್ಕಿ, ಕೆರೆಕಾಲುವೆಯ ನೀರು ಕಂಡದ್ದು ತರಿ, ತೋಟದ ನೆಲ ಬಾಗಾಯ್ತು, ಉಳುಮೆಗೆ ಒದಗದ್ದು ಖರಾಬು, ದನಗಳು ಮೇಯುವುದು ಗೋಮಾಳ, ಊರಿಗೆಲ್ಲ ಸೇರಿದ ಮರಗಳ ತೋಪು ಗುಂಡುತೋಪು. ಇವುಗಳ ಜೊತೆಗೆ ಕೆರೆ, ಕೆರೆಯ ಅಂಗಳ, ಕೋಡಿ, ಹಳ್ಳ, ಬಂಡಿಯ ಜಾಡು, ಸ್ಮಶಾನ ಎಲ್ಲವೂ ನಕ್ಷೆಯಲ್ಲಿ ತಮ್ಮ ತಮ್ಮ ಸ್ಥಳದಲ್ಲಿದ್ದವು.

ಈ ಹೆಸರುಗಳು ಕಂದಾಯ ವಸೂಲಿಗಾಗಿ ಹುಟ್ಟಿದವೆಂಬುದು ನಿಜ. ಸರ್ಕಾರಕ್ಕೆ ಹಣ ಬೇಕಾಗಿತ್ತು, ಶಾನುಭೋಗರಿಗೆ ಲೆಕ್ಕ ಬೇಕಾಗಿತ್ತು. ಆದರೂ ಅವುಗಳ ಹಿಂದೆ ಹಳ್ಳಿಗರ ತಲೆಮಾರುಗಳ ಅನುಭವವಿತ್ತು. ದಿಣ್ಣೆಯ ಮೇಲೆ ಬಿದ್ದ ಮಳೆ ಗೋಮಾಳದ ಹುಲ್ಲಿನಲ್ಲಿ ನಿಧಾನಿಸಿ, ಹಳ್ಳದಲ್ಲಿ ಇಳಿದು, ಕೆರೆಯಲ್ಲಿ ನಿಂತು, ತೂಬಿನಿಂದ ಅಚ್ಚುಕಟ್ಟಿಗೆ ಹರಿಯಬೇಕು. ನೀರಗಂಟಿಯು ಸರದಿಯಂತೆ ನೀರು ಬಿಡಬೇಕು. ಉಳಿದ ನೀರು ಕೋಡಿಯಿಂದ ಮುಂದಿನ ಊರಿನ ಕೆರೆಗೆ ಹೋಗಬೇಕು. ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರಾಗಿದ್ದ ಸ್ಯಾಂಕಿಯವರು, ಈ ನಾಡಿನಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬಷ್ಟು ಕೆರೆಗಳಿವೆಯೆಂದು ಬೆರಗುಪಟ್ಟಿದ್ದರು. ಕರ್ನಾಟಕದ ಕೆರೆಗಳ ಸಂಖ್ಯೆ ಇಂದಿಗೂ 36,000ಕ್ಕೂ ಮೀರಿದೆಯೆಂದು ಲೆಕ್ಕ. ನೀರು ನಿಲ್ಲುವ ಕೆರೆಗಳೆಷ್ಟು ಎಂಬುದು ಬೇರೆ ಪ್ರಶ್ನೆ.

ಹಳೆಯದೆಲ್ಲವೂ ಚಿನ್ನವಾಗಿತ್ತೆಂದು ಹೇಳಲಾಗದು. ತರಿಯೂ ಬಾಗಾಯ್ತೂ ಬಹುಮಟ್ಟಿಗೆ ಮೇಲ್ಜಾತಿಯವರ ಕೈಯಲ್ಲಿದ್ದವು. ಆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರಿಗೆ ಒಂದು ಗುಂಟೆಯೂ ಇರಲಿಲ್ಲ. ಈ ಅನ್ಯಾಯವನ್ನು ತಿದ್ದಲು ಇದೇ ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆಯ ಶಾಸನವನ್ನು ಬಿಗಿಗೊಳಿಸಿ, ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ನೆಲದ ಯಾವ ಯೋಜನೆಯಾದರೂ ‘ಏನು ಬೆಳೆಯಬೇಕು’ ಎಂಬುದರ ಜೊತೆಗೆ ‘ಯಾರ ನೆಲ’ ಎಂಬುದನ್ನೂ ಕೇಳದಿದ್ದರೆ ಅದು ಅರ್ಧ ಯೋಜನೆ.

ಗೋಮಾಳದ ಗತಿ

ಗೋಮಾಳದ ಕಥೆಯಲ್ಲಿ ಈ ಎರಡು ಪ್ರಶ್ನೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರಂತೆ ನೂರು ದನಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆಯಂತೆ, ಊರಿನಲ್ಲಿ ಮೇವಿನ ನೆಲವನ್ನು ಕಾದಿರಿಸಬೇಕು. ಆದರೆ ನೆಲವಿಲ್ಲದ ಬಡವನು ಉಳಲು ಹೋಗುವುದು ಎಲ್ಲಿಗೆ? ಗೋಮಾಳಕ್ಕೇ. ಅವನು ಕಲ್ಲು ಆಯ್ದು, ಮುಳ್ಳು ಕಡಿದು, ಎರಡು ಎಕರೆಯನ್ನು ಹದ ಮಾಡಿಕೊಂಡು ಬಗರ್‌ಹುಕುಂ ಸಾಗುವಳಿದಾರನೆನಿಸಿಕೊಂಡು, ಫಾರಂ 50, 53, 57 ಎಂದು ಅರ್ಜಿಗಳನ್ನು ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ವರ್ಷಾನುಗಟ್ಟಲೆ ಸವೆಸುತ್ತಾನೆ. ಅದೇ ಗೋಮಾಳದಿಂದ ಶಾಲೆಗೆ, ಆಸ್ಪತ್ರೆಗೆ, ಆಶ್ರಯ ಮನೆಗಳಿಗೆ, ಕೈಗಾರಿಕೆಗೆ, ಕಸದ ರಾಶಿಗೆ ಸರ್ಕಾರವೂ ತುಂಡು ತುಂಡಾಗಿ ನೆಲವನ್ನು ತೆಗೆದುಕೊಳ್ಳುತ್ತದೆ. ಬಲವುಳ್ಳವನು ಯಾವ ಅರ್ಜಿಯನ್ನೂ ಹಾಕದೆ ಬೇಲಿ ಸರಿಸುತ್ತಾನೆ.

ಕೊನೆಗೆ ನಷ್ಟ ಯಾರಿಗೆ? ಒಂದು ಹಸು, ನಾಲ್ಕು ಆಡುಗಳನ್ನು ನಂಬಿ ಸಂಸಾರ ತೂಗಿಸುವ ಹೆಣ್ಣುಮಗಳಿಗೆ. ಬೇಸಗೆಯಲ್ಲಿ ಅವಳಿಗೆ ಮೇವು ಸಿಗುತ್ತಿದ್ದುದು ಆ ಬಯಲಿನಲ್ಲಿ, ಸೌದೆ ಸಿಗುತ್ತಿದ್ದುದು ಆ ತೋಪಿನಲ್ಲಿ. ಕೆರೆಗೂ ನಷ್ಟವೇ; ಹುಲ್ಲಿನ ಹೊದಿಕೆ ಹೋದ ದಿಣ್ಣೆಯಿಂದ ಮಣ್ಣು ಕೊಚ್ಚಿ ಬಂದು ಅಂಗಳದಲ್ಲಿ ಹೂಳಾಗಿ ಕೂರುತ್ತದೆ. ಆಗ ‘ಕೆರೆ ಬತ್ತಿದೆ’ ಎಂದು ಅಂಗಳವನ್ನೇ ಒತ್ತುವರಿ ಮಾಡುವವರು ಬರುತ್ತಾರೆ. ಕೆರೆಗಳ ರಕ್ಷಣೆಗಾಗಿ 2014ರಲ್ಲಿ ಕರ್ನಾಟಕದಲ್ಲಿ ಪ್ರತ್ಯೇಕ ಶಾಸನವೇ ಬಂದಿದೆ. ಆದರೆ ಕೆರೆಯು ಕೆಡುವುದು ಕೆರೆಯಲ್ಲಲ್ಲ, ಅದರ ಮೇಲಣ ದಿಣ್ಣೆಯಲ್ಲಿ. ಇಲ್ಲಿ ಬಡವನ ಎರಡು ಎಕರೆಯನ್ನು ಕಿತ್ತುಕೊಳ್ಳಬೇಕೆಂದು ಯಾರೂ ಹೇಳಲಾರರು. ಅವನಿಗೆ ಸಲ್ಲಬೇಕಾದ ನೆಲವನ್ನು ಉಳುಮೆಗೆ ಒದಗುವ ಕಡೆ ಕೊಡದೆ, ದನಕ್ಕೂ ಕೆರೆಗೂ ಬೇಕಾದ ನೆಲವನ್ನು ತೋರಿಸಿ ಸುಮ್ಮನಾದುದೇ ತಪ್ಪು.

ಮೈಲಿಗೆ ಎಂಟು ಅಂಗುಲ

ಹಾಗಾದರೆ ಯಾವ ನೆಲ ಯಾವುದಕ್ಕೆ ಒದಗುತ್ತದೆಂಬುದನ್ನು ತಿಳಿಯುವುದು ಹೇಗೆ? ಇದಕ್ಕಾಗಿಯೇ 1976ರಲ್ಲಿ ರಾಷ್ಟ್ರೀಯ ಮಣ್ಣು ಸರ್ವೇಕ್ಷಣೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯು ಸ್ಥಾಪಿತವಾಯಿತು. ಅದರ ಮುಖ್ಯ ಕಚೇರಿ ನಾಗಪುರದಲ್ಲಿ, ಒಂದು ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿ. ಮಣ್ಣಿನ ಆಳ, ಇಳಿಜಾರು, ಕಲ್ಲಿನ ಅಂಶ, ನೀರು ಹಿಡಿಯುವ ಶಕ್ತಿ ಇವುಗಳನ್ನು ಅಳೆದು ವಿಜ್ಞಾನಿಗಳು ನೆಲವನ್ನು ಎಂಟು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೊದಲ ನಾಲ್ಕು ದರ್ಜೆಗಳು ಉಳುಮೆಗೆ. ಉಳಿದ ನಾಲ್ಕು ಹುಲ್ಲು, ಮರ ಮತ್ತು ಕಾಡುಪ್ರಾಣಿಗಳಿಗೆ. ಹಳೆಯ ಆಣೆಯ ಲೆಕ್ಕವೇ ಇಲ್ಲಿ ಹೊಸ ರೂಪವನ್ನು ತಾಳಿದೆ. ಒಂದೇ ವ್ಯತ್ಯಾಸವೆಂದರೆ ಅದು ಕಂದಾಯಕ್ಕಾಗಿ ಇತ್ತು, ಇದು ಪಾಲನೆಗಾಗಿ.

ಈ ವಿದ್ಯೆಯನ್ನು ಹೊಲದವರೆಗೆ ಇಳಿಸಿದ ಪ್ರಯತ್ನ ಕರ್ನಾಟಕದಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿ. ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ಹನ್ನೊಂದು ಜಿಲ್ಲೆಗಳ ಜಲಾನಯನಗಳನ್ನು ಸರ್ವೆ ನಂಬರಿನ ಮಟ್ಟದಲ್ಲಿ ಪರಿಶೀಲಿಸಲಾಯಿತು. ನಂಜನಗೂಡಿಗೆ ನೆರೆಯಾದ ಚಾಮರಾಜನಗರವೂ ಆ ಹನ್ನೊಂದರಲ್ಲಿ ಒಂದು. ನಕ್ಷೆಯ ಪ್ರಮಾಣ 1:7,920. ಎಂದರೆ ನೆಲದ ಮೇಲಣ ಒಂದು ಮೈಲಿಗೆ ಕಾಗದದ ಮೇಲೆ ಎಂಟು ಅಂಗುಲ. ಹಳ್ಳಿಯ ನಕ್ಷೆಯಲ್ಲಿ ಕಾಣುವ ಹೊಲದ ಬದುಗಳೆಲ್ಲ ಅದರಲ್ಲಿ ಕಾಣುತ್ತವೆ. ಮಣ್ಣು ಎಷ್ಟು ಆಳ, ಯಾವ ಸತ್ವ ಕಡಿಮೆ, ಯಾವ ಬೆಳೆ ಹೊಂದೀತು, ಬದು ಎಲ್ಲಿ ಹಾಕಬೇಕು ಎಂಬುದನ್ನು ಬರೆದ ಕಾರ್ಡುಗಳು ರೈತರ ಕೈ ಸೇರಿದವು. ದಿಲ್ಲಿಯಲ್ಲಿ ಕುಳಿತು ದೇಶದ ನೆಲಕ್ಕೆ ಬಣ್ಣ ಬಳಿಯುವುದು ಸುಲಭ. ಆದರೆ ಒಂದೇ ಸರ್ವೆ ನಂಬರಿನಲ್ಲಿ ಮೇಲಿನ ಮೂಲೆ ಗರಸು, ಕೆಳಗಿನ ಮೂಲೆ ಎರೆಯಾಗಿರುವುದುಂಟು. ಅದನ್ನು ತಿಳಿಯಲು ಮಣ್ಣನ್ನು ಕೈಗೆತ್ತಿಕೊಳ್ಳಲೇಬೇಕು.

ಮಣ್ಣಿಗೂ ಬೆಳೆಗೂ ಇರುವ ನಂಟಿಗೆ ನಂಜನಗೂಡು ರಸಬಾಳೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆ ಸಣ್ಣ ಹಣ್ಣಿನ ಪರಿಮಳಕ್ಕೂ ರುಚಿಗೂ ಈ ಸೀಮೆಯ ಎರೆಮಣ್ಣೇ ಕಾರಣವೆಂಬುದು ಇಲ್ಲಿಯವರ ನಂಬಿಕೆ. ದೇವರಸನಹಳ್ಳಿಯ ಸುತ್ತಣ ತೋಟಗಳು ಅದಕ್ಕೆ ಹೆಸರುವಾಸಿ. ಸ್ಥಳದ ಹೆಸರಿನ ಹಕ್ಕನ್ನು ಕಾಯುವ ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕೆ ದೊರೆತಿದೆ. ಆದರೆ ಪನಾಮ ಸೊರಗು ರೋಗವು ಮಣ್ಣಿನಲ್ಲಿಯೇ ಮನೆ ಮಾಡಿಕೊಂಡಿತು. ಒಮ್ಮೆ ರೋಗಾಣು ಹೊಕ್ಕ ನೆಲದಲ್ಲಿ ಆ ಬಾಳೆ ಮತ್ತೆ ಏಳುವುದು ದುಸ್ತರ. ರೈತರು ಬೇರೆ ತಳಿಗಳಿಗೆ, ಬೇರೆ ಬೆಳೆಗಳಿಗೆ ಹೊರಳಿದರು. ಕಾಗದದ ಮೇಲಣ ಮಾನ್ಯತೆ ಉಳಿಯಿತು, ತೋಟಗಳು ಕುಗ್ಗಿದವು. ನೆಲದ ಆರೋಗ್ಯ ಹೋದ ಮೇಲೆ ಬರಿಯ ಹೆಸರು ಏನನ್ನೂ ಕಾಯಲಾರದು.

ನೀರು ಕಂಡಲ್ಲೆಲ್ಲ ಬತ್ತ

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣವಾಯಿತು. ಅದಕ್ಕೂ ಬಹಳ ಹಿಂದಿನಿಂದ ಹುಲ್ಲಹಳ್ಳಿಯ ಅಣೆಕಟ್ಟಿನ ನಾಲೆಗಳು ನಂಜನಗೂಡು ಸೀಮೆಯ ಗದ್ದೆಗಳಿಗೆ ನೀರುಣಿಸುತ್ತಿದ್ದವು. ಹೊಸ ನಾಲೆಗಳು ಬಂದ ಮೇಲೆ ಖುಷ್ಕಿಯಾಗಿದ್ದ ಎಷ್ಟೋ ಹೊಲಗಳು ಹಸಿರಾದವು. ಇದು ಎಷ್ಟೋ ಸಂಸಾರಗಳಿಗೆ ಅನ್ನವನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ನೀರಾವರಿಯ ಯೋಜಕರು ಎಲ್ಲ ನೆಲಕ್ಕೂ ಬತ್ತವನ್ನು ಉದ್ದೇಶಿಸುವವರಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಮುಂಬಯಿ ಪ್ರಾಂತದ ನೀರಾ ಕಾಲುವೆಯಲ್ಲಿ ‘ಬ್ಲಾಕ್ ಪದ್ಧತಿ’ಯನ್ನು ತಂದರು. ನೀರನ್ನು ಕೆಲವರಿಗೆ ಧಾರಾಳವಾಗಿ ಹರಿಸುವ ಬದಲು, ನೆಲವನ್ನು ಬ್ಲಾಕುಗಳಾಗಿ ಮಾಡಿ, ಹೆಚ್ಚು ನೀರಿನ ಬೆಳೆ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಹಂಚಿ, ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟುವಂತೆ ಮಾಡುವುದೇ ಅದರ ತಿರುಳು. ಇಂದು ರಾಜ್ಯದ ನಾಲೆಗಳ ಅನುಭವವೇನು? ನಾಲೆಯ ತಲೆಯಲ್ಲಿರುವವರು ಅರೆ ನೀರಾವರಿಯ ನೆಲದಲ್ಲಿಯೂ ಬತ್ತ ನಾಟಿ ಮಾಡುತ್ತಾರೆ. ಬಾಲದಲ್ಲಿರುವವರು ಒಣಗಿದ ತೂಬನ್ನು ನೋಡುತ್ತ ಕೂರುತ್ತಾರೆ. ಒಂದು ಕಿಲೋ ಬತ್ತಕ್ಕೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕಾಗುತ್ತದೆ. ರಾಗಿಯು ಅಷ್ಟನ್ನು ಕೇಳುವುದಿಲ್ಲ.

ಇದಕ್ಕೆ ರೈತನೊಬ್ಬನನ್ನೇ ದೂಷಿಸುವುದು ತರವಲ್ಲ. ಮೂರು ಎಕರೆಯ ಒಬ್ಬ ಒಕ್ಕಲುಮಗನನ್ನು ಊಹಿಸಿಕೊಳ್ಳಿ. ಮಗಳ ಮದುವೆ ಎದುರಿಗಿದೆ, ಸೊಸೈಟಿಯ ಸಾಲ ಹಿಂದಿದೆ. ಬತ್ತಕ್ಕೆ ಗಿರಣಿಯುಂಟು, ಕೊಳ್ಳುವವರುಂಟು. ಹುರುಳಿ, ಅವರೆಗಳಿಗೆ ಇಂದು ಒಂದು ಬೆಲೆ, ನಾಳೆ ಒಂದು ಬೆಲೆ. ಅವನು ಯಾವುದನ್ನು ಆರಿಸಿಕೊಂಡಾನು? ಮಣ್ಣಿಗೂ ನೀರಿಗೂ ಹೊಂದುವ ಬೆಳೆಗೆ ಮಾರುಕಟ್ಟೆಯ ಬೆಂಬಲವಿಲ್ಲದೆ, ನಕ್ಷೆಯನ್ನು ತೋರಿಸಿ ಬುದ್ಧಿ ಹೇಳುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆಯೇ ಸರಿ. ಮಳೆಯ ಗುಣವೂ ಬದಲಾಗಿದೆ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳು ಮುಳುಗಿದವು; 2019ರಲ್ಲಿ ಮೈಸೂರಿನ ಹೆದ್ದಾರಿಯ ಮೇಲೆಯೇ ನೀರು ಹರಿಯಿತು. ನಾಲ್ಕು ವರ್ಷ ಕಳೆಯುವುದರೊಳಗೆ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಒಂದು ವರ್ಷ ನೆರೆ, ಇನ್ನೊಂದು ವರ್ಷ ಬರ. ಇವೆರಡನ್ನೂ ತಾಳಿಕೊಳ್ಳುವಂತೆ ನೆಲವನ್ನು ಸಿದ್ಧಪಡಿಸಬೇಕಾಗಿದೆ.

ಆನೆಯ ಪಾಲು

ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿಯುತ್ತಿದ್ದಂತೆ ಬಯಲಾದ ಕೆಸರಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಸುತ್ತಣ ಕಾಡು ಒಣಗಿರುವಾಗ ನಾಗರಹೊಳೆ, ಬಂಡೀಪುರಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಇಳಿದು ಬರುತ್ತವೆ. ಈ ನೋಟವನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಆದರೆ ಅದೇ ಜಲಾಶಯದ ತಳದಲ್ಲಿ ಹಾಡಿಗಳೂ ಊರುಗಳೂ ಮುಳುಗಿದವೆಂಬುದನ್ನೂ, ಜೇನುಕುರುಬ, ಕಾಡುಕುರುಬ ಸಂಸಾರಗಳು ನೆಲೆ ತಪ್ಪಿದವೆಂಬುದನ್ನೂ ಮರೆಯಬಾರದು.

ಬಂಡೀಪುರವು 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ರಕ್ಷಿತಾರಣ್ಯಗಳಲ್ಲಿ ಒಂದಾಯಿತು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಆ ಕಾಡಿನ ಹೆದ್ದಾರಿಯಲ್ಲಿ ವಾಹನ ಸಂಚಾರ 2009ರಿಂದ ನಿಷಿದ್ಧವಾಗಿದೆ. ಇದೂ ನೆಲದ ಬಳಕೆಯ ಒಂದು ಯೋಜನೆಯೇ: ಒಂದೇ ರಸ್ತೆ ಹಗಲು ಮನುಷ್ಯನಿಗೆ, ಇರುಳು ಮೃಗಗಳಿಗೆ. ಇಷ್ಟಾದರೂ ಕಾಡಿನೊಳಗೆ ಲಾಂಟಾನ ಹಬ್ಬಿ ಹುಲ್ಲನ್ನು ನುಂಗಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಬೆಂಕಿಗೆ ಆಹುತಿಯಾಯಿತು. ಕಾಡಿನಲ್ಲಿ ಮೇವು ಕಡಿಮೆಯಾಗಿ, ಕಾಡಿನ ಅಂಚಿನವರೆಗೆ ಬಾಳೆ ಕಬ್ಬು ಬೆಳೆದು ನಿಂತರೆ ಆನೆ ಎತ್ತ ನಡೆದೀತು? ಒಂದು ರಾತ್ರಿಯಲ್ಲಿ ವರ್ಷದ ಬೆಳೆಯನ್ನು ಕಳೆದುಕೊಂಡ ರೈತನಿಗೆ ವನ್ಯಜೀವಿ ಪ್ರೇಮವನ್ನು ಬೋಧಿಸುವುದು ಸುಲಭವಲ್ಲ. ಕಾಡಂಚಿನ ಸರ್ವೆ ನಂಬರುಗಳಿಗೆ ಬೇರೆ ಬೆಳೆ, ಬೇರೆ ಬೆಲೆ, ವಿಳಂಬವಿಲ್ಲದ ಪರಿಹಾರ ಇವೆಲ್ಲವೂ ಯೋಜನೆಯ ಅಂಗಗಳಾಗಬೇಕು.

ಕಾಡಿನ ಜನರನ್ನು ಹೊರಗಿಟ್ಟು ಕಾಡನ್ನು ಉಳಿಸುವುದೂ ಆಗದ ಕೆಲಸ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ 2011ರಲ್ಲಿ ಮನ್ನಣೆ ದೊರೆಯಿತು. ಹುಲಿ ರಕ್ಷಿತಾರಣ್ಯವೊಂದರಲ್ಲಿ ಇಂತಹ ಮನ್ನಣೆ ದೇಶದಲ್ಲಿಯೇ ಮೊದಲನೆಯದು. ನೆಲವನ್ನು ಬಲ್ಲವರೇ ನೆಲವನ್ನು ಕಾಯುವವರಾಗಬೇಕೆಂಬ ತತ್ವಕ್ಕೆ ಸಂದ ಜಯವಿದು.

ಮೇಲಿನವರ ಕೆಲಸ, ಕೆಳಗಿನವರ ಪಾಡು

ನೆಲದ ಲೆಕ್ಕ ಊರಿನ ಎಲ್ಲೆಯಲ್ಲಿ ಮುಗಿಯುವುದಿಲ್ಲ. ಕಪಿಲೆ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನಂಜನಗೂಡಿನ ಬಯಲಿಗೆ ಅದರಲ್ಲಿ ಅರ್ಧವೂ ಇಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಆ ದಿನದ ಮಳೆಯ ರಭಸವು ಹವಾಮಾನದ ಬದಲಾವಣೆಯಿಂದಾಗಿ ಸುಮಾರು ಶೇಕಡಾ 10ರಷ್ಟು ಹೆಚ್ಚಾಗಿತ್ತೆಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಕುಸಿದ ಕಣಿವೆಯ ನೀರು ಪಶ್ಚಿಮಕ್ಕೆ ಚಾಲಿಯಾರ್ ನದಿಯನ್ನು ಸೇರತಕ್ಕದ್ದು. ಆದರೆ ಅದೇ ಬೆಟ್ಟದ ಸೀಮೆಯ ಪೂರ್ವದ ಇಳಿಜಾರುಗಳ ನೀರು ಬರುವುದು ಕಬಿನಿಗೆ. ಆ ದಿನಗಳಲ್ಲಿ ಕಬಿನಿಯ ಬಾಗಿಲುಗಳನ್ನು ತೆರೆಯಬೇಕಾಗಿ ಬಂದು ನಂಜನಗೂಡಿನ ತೀರವೂ ನೆರೆಗೆ ಸಿಕ್ಕಿತು. ಘಟ್ಟದ ಇಳಿಜಾರಿನಲ್ಲಿ ಏನು ಬೆಳೆಯಬೇಕು, ಎಲ್ಲಿ ಕಟ್ಟಬಾರದು ಎಂಬುದು ಬಯಲಿನ ಜನರ ಪ್ರಶ್ನೆಯೂ ಹೌದು.

ಹೊಳೆಯ ಹಾದಿಯಲ್ಲಿ ಕೈಯಾಡಿಸಿದರೆ ಏನಾಗಬಹುದೆಂಬುದಕ್ಕೆ ನರಸೀಪುರ ತಾಲ್ಲೂಕಿನ ತಲಕಾಡೇ ಸಾಕ್ಷಿ. ಗಂಗರ ರಾಜಧಾನಿಯಾಗಿದ್ದ ಆ ಪಟ್ಟಣದ ದೇವಾಲಯಗಳು ಮರಳಿನಡಿ ಹೂತುಹೋದುದಕ್ಕೆ ಜನ ಅಲಮೇಲಮ್ಮನ ಶಾಪವನ್ನು ಹೇಳುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟಿನಿಂದ ಹೊಳೆಯ ಹರಿವು ಬದಲಾಗಿ, ಬಯಲಾದ ಮರಳನ್ನು ಗಾಳಿಯು ಊರಿನ ಮೇಲೆ ತೂರಿತೆಂಬುದು ಭೂವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಒಂದು. ಕಟ್ಟಿದವರ ಉದ್ದೇಶ ನೀರಾವರಿ, ಒಳ್ಳೆಯದೇ. ಫಲವನ್ನು ಉಂಡವರು ಒಬ್ಬರು, ಮರಳನ್ನು ಕಂಡವರು ಇನ್ನೊಬ್ಬರು.

ಮರ ನೆಡುವುದೊಂದೇ ಸಾಲದು

ಹವಾಮಾನದ ಮಾತು ಬಂದೊಡನೆ ‘ಗಿಡ ನೆಡೋಣ’ ಎನ್ನುವುದು ವಾಡಿಕೆ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ನಿನಷ್ಟು ಇಂಗಾಲಾನಿಲವನ್ನು ಹೀರಿಸುವುದಾಗಿ ಭಾರತ 2015ರಲ್ಲಿ ಘೋಷಿಸಿತು. ಗುರಿಯೇನೋ ಒಳ್ಳೆಯದು. ಆದರೆ ಆ ಮರಗಳಿಗೆ ಜಾಗ ಎಲ್ಲಿ? ಕಡತದಲ್ಲಿ ‘ಬಂಜರು’ ಎಂದು ಬರೆದ ಹುಲ್ಲುಗಾವಲನ್ನು ತೋರಿಸಿ ಅಲ್ಲಿ ನೀಲಗಿರಿ ತೋಪು ಎಬ್ಬಿಸಿದರೆ ಕುರಿಗಾಹಿಯ ಮೇವೂ ಹೋಗುತ್ತದೆ, ಹುಲ್ಲನ್ನೇ ನಂಬಿದ ಕೃಷ್ಣಮೃಗದಂತಹ ಜೀವಿಗಳ ನೆಲೆಯೂ ಹೋಗುತ್ತದೆ. ಬಂಜರೆಂಬುದು ನೆಲದ ಗುಣವಲ್ಲ, ಅನೇಕ ವೇಳೆ ಅದು ನೋಡುವವರ ಕಣ್ಣಿನ ದೋಷ. ಹೊಲದ ಬದುವಿನಲ್ಲಿ ಹೊಂಗೆ, ಬೇವು, ಹುಣಿಸೆ; ಹಾಳಾದ ಗುಂಡುತೋಪಿನಲ್ಲಿ ಹಲಸು, ಮಾವು; ಹಳ್ಳದ ದಡದಲ್ಲಿ ಹೊಳೆಮತ್ತಿ. ಹೀಗೆ ನೆಲವನ್ನು ನೋಡಿ ಮರವನ್ನು ಆರಿಸುವುದೇ ಜಾಣತನ.

ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದ ಅನುಭವ ಇಲ್ಲಿ ನೆನೆಯತಕ್ಕದ್ದು. ದನಗಳ ಮೇವಿಗಾಗಿ ಕಾಡನ್ನು ಕಡಿಯುತ್ತ ಬಂದು 1980ರ ದಶಕದ ಹೊತ್ತಿಗೆ ಅಲ್ಲಿ ಉಳಿದದ್ದು ದೇಶದ ಕಾಲು ಭಾಗದಷ್ಟು ಕಾಡು ಮಾತ್ರ. 1996ರಲ್ಲಿ ಹೊಸ ಅರಣ್ಯ ಶಾಸನ ಬಂದು, ಇಂಧನದ ಮೇಲಣ ತೆರಿಗೆಯ ಹಣದಿಂದ, ಕಾಡನ್ನು ಉಳಿಸಿಕೊಂಡ ರೈತನಿಗೆ ಸಂಭಾವನೆ ಕೊಡುವ ಏರ್ಪಾಡಾಯಿತು. ಇಂದು ಅಲ್ಲಿ ಅರ್ಧಕ್ಕೂ ಹೆಚ್ಚು ನೆಲ ಹಸಿರಾಗಿದೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ರಾಷ್ಟ್ರಗಳು ಒಪ್ಪಿಕೊಂಡ ಜೀವವೈವಿಧ್ಯದ ಗುರಿಗಳಲ್ಲಿ ಮೊದಲನೆಯದೇ ನೆಲಜಲಗಳ ಬಳಕೆಗೆ ಸಮಗ್ರ ಯೋಜನೆ ಮಾಡುವುದು.

ನಮ್ಮಲ್ಲಿ ಸಂವಿಧಾನದಂತೆ ಭೂಮಿಯು ರಾಜ್ಯಗಳಿಗೆ ಸೇರಿದ ವಿಷಯ. ಕಾಡು ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ್ದು. ರಾಷ್ಟ್ರೀಯ ಭೂಬಳಕೆ ನೀತಿಯ ಕರಡೊಂದನ್ನು 2013ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಆದರೆ ಹಳ್ಳಿಯ ಮಟ್ಟದಲ್ಲಿ ಇಂದಿಗೂ ಕಂದಾಯ, ಕೃಷಿ, ಅರಣ್ಯ, ನೀರಾವರಿ, ಕೈಗಾರಿಕೆ ಇಲಾಖೆಗಳಿಗೆ ಒಂದೊಂದು ನಕ್ಷೆ. ಒಂದರ ಮೇಲೊಂದನ್ನು ಹಾಸಿ ನೋಡುವವರು ವಿರಳ. ಇದರ ನಡುವೆ 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ದಾರಿಯಾಯಿತು. ಮೈಸೂರಿನಂತಹ ನಗರದ ಮಗ್ಗುಲಿನಲ್ಲಿ ಹೊಲದ ಬೆಲೆಯನ್ನು ಕಟ್ಟುವುದು ಇನ್ನು ಮಣ್ಣಿನ ಗುಣವಲ್ಲ, ರಸ್ತೆಯ ದೂರ. ಹದಿನಾರಾಣೆಯ ಎರೆಭೂಮಿಯ ಮೇಲೆ ಒಮ್ಮೆ ಕಾಂಕ್ರೀಟು ಬಿದ್ದರೆ ಅದನ್ನು ಮತ್ತೆ ಹೊಲವಾಗಿ ಮಾಡುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ. ಒಂದಂಗುಲ ಮೇಲ್ಮಣ್ಣು ರೂಪುಗೊಳ್ಳಲು ಪ್ರಕೃತಿಗೆ ನೂರಾರು ವರ್ಷಗಳೇ ಬೇಕು.

ಮನೆ ಕಟ್ಟಲೇಬಾರದೇ, ಕಾರ್ಖಾನೆ ಬೇಡವೇ ಎಂದರೆ ಖಂಡಿತ ಬೇಕು. ಹಳ್ಳಿಯ ಹುಡುಗರಿಗೆ ಉದ್ಯೋಗ ಬೇಕು, ಎಲ್ಲರಿಗೂ ಸೂರು ಬೇಕು. ಗರಸು ನೆಲವಿರುವಾಗ ಎರೆಯನ್ನು ಏಕೆ ಮುಚ್ಚಬೇಕೆಂಬುದಷ್ಟೇ ಪ್ರಶ್ನೆ. ಮೊದಲು ಗ್ರಾಮಸಭೆಯ ಮುಂದೆ ಹಳ್ಳಿಯ ನಕ್ಷೆಯನ್ನು ಹಾಸಬೇಕು. ಕೆರೆ, ಹಳ್ಳ, ಗೋಮಾಳ, ಆನೆಯ ದಾರಿ ಇವುಗಳನ್ನು ಮುಟ್ಟಬಾರದೆಂದು ಗುರುತಿಸಬೇಕು. ನೆಲವಿಲ್ಲದವನಿಗೆ ಉಳುಮೆಗೆ ಒದಗುವ ನೆಲವನ್ನು ತೋರಿಸಬೇಕು. ಮಣ್ಣಿಗೆ ಹೊಂದುವ ಬೆಳೆಗೆ ಬೆಲೆಯ ಭರವಸೆ ಕೊಡಬೇಕು. ಇಂತಹ ಸಾವಿರಾರು ಹಳ್ಳಿಗಳ ನಕ್ಷೆಗಳು ಕೂಡಿದರೆ ದೇಶದ ನಕ್ಷೆ ತಾನಾಗಿ ಸಿದ್ಧವಾಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ದೇಶದ ಹಾಸಿಗೆ ತಲೆಗೆ ಹತ್ತು ಗುಂಟೆ. ಅದರಲ್ಲಿ ಮಲಗಬೇಕಾದವರು ಮನುಷ್ಯರಷ್ಟೇ ಅಲ್ಲ. ಹಸುವುಂಟು, ಆನೆಯುಂಟು, ಇನ್ನೂ ಹುಟ್ಟದ ಮಕ್ಕಳುಂಟು. ಮುಂದಿನ ಸಾರಿ ಕಪಿಲೆಯ ಸೇತುವೆಯನ್ನು ದಾಟುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಒಂದೊಂದು ತುಂಡು ನೆಲವನ್ನೂ ವಾಚಕರು ಸ್ವಲ್ಪ ಹೊತ್ತು ಗಮನಿಸಬೇಕು. ತಮ್ಮ ಪಾಲಿನ ಆ ಹತ್ತು ಗುಂಟೆ ಅದೇ ಆಗಿರಬಹುದು.